ಜಲವಿಭಜನೆ: ಕೃಷ್ಣಾತೀರದಿಂದ ಕಡಲ ತಡಿಯವರೆಗೆ ಒಂದು ಸಂವಾದ

ನೀರನ್ನು ಒಡೆದು ಜಲಜನಕವನ್ನು ಹೊರತೆಗೆದು, ಆ ಜಲಜನಕದಿಂದ ಹೊಲಕ್ಕೆ ಗೊಬ್ಬರವನ್ನೂ ಕುಲುಮೆಗೆ ಕಾವನ್ನೂ ಪಡೆದು, ಕಡೆಗೆ ಅದನ್ನು ಮತ್ತೆ ನೀರಾಗಿಯೇ ಕಾಣಬಹುದೆಂಬ ಮಾತು ಆಂಧ್ರದ ಕರಾವಳಿಯಲ್ಲಿ ಈಗ ಪಾಠಪುಸ್ತಕದ ಮಾತಾಗಿ ಉಳಿದಿಲ್ಲ. 2025ರ ಜನವರಿ 8ರಂದು ಪ್ರಧಾನಮಂತ್ರಿಗಳು ವಿಶಾಖಪಟ್ಟಣಕ್ಕೆ ಬಂದು, ಅನಕಾಪಲ್ಲಿ ಜಿಲ್ಲೆಯ ಪೂಡಿಮಡಕವೆಂಬ ಮೀನುಗಾರರ ಊರಿನ ಬಳಿ ಎನ್‌ಟಿಪಿಸಿ ಸಂಸ್ಥೆಯ ಹಸಿರು ಜಲಜನಕ ಕೇಂದ್ರಕ್ಕೆ ಅಡಿಗಲ್ಲನ್ನಿಟ್ಟಂದಿನಿಂದ, ಅದು ಬಂಡವಾಳದ ಮಾತೂ ನೆಲದ ಮಾತೂ ನೀರಿನ ಮಾತೂ ಆಗಿದೆ. ಈ ವಿಷಯದಲ್ಲಿ ಭಿನ್ನಾಭಿಪ್ರಾಯವುಳ್ಳ ಇಬ್ಬರು ಕನ್ನಡಿಗರು ವಿಜಯವಾಡದಿಂದ ವಿಶಾಖಪಟ್ಟಣದವರೆಗಿನ ಹಾದಿಯಲ್ಲಿ ಆಡಿದ ಮಾತುಗಳು ಇಲ್ಲಿವೆ. ಒಬ್ಬರು ರಾಯಚೂರಿನ ಶಕ್ತಿನಗರದ ಉಷ್ಣವಿದ್ಯುತ್ ಸ್ಥಾವರದಲ್ಲಿ ಆಯುಷ್ಯದ ಬಹುಭಾಗವನ್ನು ಕಳೆದು ನಿವೃತ್ತರಾದ ಹಿರಿಯರು. ಇನ್ನೊಬ್ಬಳು ಅವರ ತಂಗಿಯ ಮಗಳು, ನೀರನ್ನು ಒಡೆಯುವ ಯಂತ್ರಗಳ ವಿನ್ಯಾಸದಲ್ಲಿ ತೊಡಗಿರುವ ತರುಣಿ.

ಮಾತು ಆರಂಭವಾದದ್ದು ವಿಜಯವಾಡದ ಪ್ರಕಾಶಂ ಬ್ಯಾರೇಜಿನ ಮೇಲೆ.

ತರುಣಿ: ಮಾವ, ಈ ನೀರು ನಮ್ಮ ಆಲಮಟ್ಟಿಯನ್ನೂ ನಾರಾಯಣಪುರವನ್ನೂ ದಾಟಿ, ನಿಮ್ಮ ಶಕ್ತಿನಗರದ ಯಂತ್ರಗಳನ್ನು ತಣಿಸಿ ಬಂದ ನೀರು. ನದಿಯ ಮೇಲ್ಗಡೆ ಇಬ್ರಾಹಿಂಪಟ್ಟಣದಲ್ಲಿ ನಾರ್ಲ ತಾತಾರಾವ್ ಅವರ ಹೆಸರಿನ ಸ್ಥಾವರ 1979ರಿಂದಲೂ ಕಲ್ಲಿದ್ದಲನ್ನು ಸುಡುತ್ತಿದೆ. ಶಕ್ತಿನಗರದ ಮೊದಲ ಘಟಕ 1985ರಲ್ಲಿ ಹೊತ್ತಿತೆಂದು ನೀವೇ ಹೇಳಿದ್ದೀರಿ. ಇಷ್ಟು ವರ್ಷಗಳ ಕಾಲ ಈ ನದಿಯಿಂದ ನಾವು ಯಂತ್ರವನ್ನು ತಣಿಸುವ ಕೆಲಸವನ್ನಷ್ಟೇ ಮಾಡಿಸಿಕೊಂಡೆವು. ನೀರೊಳಗೇ ಇಂಧನವಿರುವುದನ್ನು ಬಲ್ಲವರಾಗಿಯೂ ಅದನ್ನು ಮುಟ್ಟಲಿಲ್ಲವಲ್ಲ ಎಂದು ನನಗೆ ವಿಷಾದವಾಗುತ್ತದೆ.

ಹಿರಿಯರು: ಮೊದಲ ಹೆಜ್ಜೆಯಲ್ಲೇ ನನ್ನ ನಿನ್ನ ದಾರಿ ಬೇರೆಯಾಯಿತು, ತಾಯಿ. ನೀರಿನಲ್ಲಿ ಇಂಧನವಿಲ್ಲ. ನೀರೆಂದರೆ ಉರಿದು ಮುಗಿದ ಜಲಜನಕದ ಬೂದಿ. ಒಲೆಯ ಬೂದಿಯಿಂದ ಮತ್ತೆ ಸೌದೆಯನ್ನು ಮಾಡಬೇಕೆನ್ನುವವನು, ಆ ಸೌದೆ ಉರಿದಾಗ ಹೊರಬಿದ್ದಷ್ಟು ಶಾಖವನ್ನು ಮೊದಲು ತಾನೇ ತಂದು ಸುರಿಯಬೇಕು. ಸಮುದ್ರದ ಗರ್ಭದಲ್ಲಿ ಬಡಬಾಗ್ನಿ ಇದೆಯೆಂದು ನಮ್ಮ ಕವಿಗಳು ವರ್ಣಿಸಿದ್ದನ್ನು ಕೇಳಿ ಸಂತೋಷಪಡೋಣ. ಆದರೆ ಯಂತ್ರಶಾಸ್ತ್ರವನ್ನು ಓದಿದವರು ಆ ವರ್ಣನೆಯ ಮೇಲೆ ಕಾರ್ಖಾನೆ ಕಟ್ಟಬಾರದು. ನೀರಿನಿಂದಲೇ ಓಡುವ ಕಾರನ್ನು ಕಂಡುಹಿಡಿದೆನೆಂದವರು ದೇಶದೇಶಗಳಲ್ಲಿಯೂ ಆಗಿಹೋಗಿದ್ದಾರೆ. ಅಮೆರಿಕದಲ್ಲಿ ಅಂಥ ಒಬ್ಬನನ್ನು ನಂಬಿ ಹಣ ಹೂಡಿದವರು ನ್ಯಾಯಾಲಯಕ್ಕೆ ಹೋದಾಗ, 1996ರಲ್ಲಿ ಓಹಾಯೋ ರಾಜ್ಯದ ನ್ಯಾಯಾಲಯ ಅದನ್ನು ಘೋರವಾದ ವಂಚನೆಯೆಂದು ನಿರ್ಣಯಿಸಿತು.

ತರುಣಿ: ಆ ವಂಚಕರ ಸಾಲಿನಲ್ಲಿ ನಮ್ಮನ್ನು ನಿಲ್ಲಿಸಬೇಡಿ. ನೀರನ್ನು ವಿದ್ಯುತ್ತಿನಿಂದ ಒಡೆಯುವುದು ಹೊಸ ಮಾತೇನಲ್ಲ. ವೋಲ್ಟಾನ ವಿದ್ಯುತ್ಕೋಶದ ಸುದ್ದಿ ಲಂಡನ್ನಿಗೆ ಬಂದ 1800ರಲ್ಲಿಯೇ ನಿಕೋಲ್ಸನ್ ಮತ್ತು ಕಾರ್ಲೈಲ್ ಎಂಬಿಬ್ಬರು ನೀರಿನಲ್ಲಿ ಎರಡು ತಂತಿಗಳನ್ನಿಳಿಸಿ, ಒಂದರ ಬಳಿ ಜಲಜನಕವೂ ಮತ್ತೊಂದರ ಬಳಿ ಆಮ್ಲಜನಕವೂ ಗುಳ್ಳೆಗಳಾಗಿ ಏಳುವುದನ್ನು ಕಂಡರು. 1839ರಲ್ಲಿ ವಿಲಿಯಂ ಗ್ರೋವ್ ಆ ಕ್ರಿಯೆಯನ್ನೇ ತಿರುಗಿಸಿ, ಎರಡು ಅನಿಲಗಳನ್ನೂ ಕೂಡಿಸಿ ವಿದ್ಯುತ್ತನ್ನು ಪಡೆದನು. ಶಕ್ತಿಯು ನೀರಿನಿಂದ ಹುಟ್ಟುತ್ತದೆಂದು ನಾನೂ ಹೇಳಲಾರೆ. ಸೂರ್ಯನಿಂದಲೋ ಗಾಳಿಯಿಂದಲೋ ಬಂದ ಶಕ್ತಿಗೆ ಜಲಜನಕವು ಒಂದು ದೇಹವನ್ನು ಕೊಡುತ್ತದೆ, ಅಷ್ಟೆ.

ಹಿರಿಯರು: ಒಳ್ಳೆಯದು. ಆದರೆ ಆ ದೇಹಧಾರಣೆಗೆ ತೆರಬೇಕಾದ ಬೆಲೆಯನ್ನೂ ಹೇಳು. ಒಂದು ಕಿಲೋಗ್ರಾಂ ಜಲಜನಕವು ಉರಿದು ನೀರಾಗುವಾಗ ಹೆಚ್ಚೆಂದರೆ 39 ಯೂನಿಟ್ಟಿನಷ್ಟು ಶಾಖವನ್ನು ಕೊಡುತ್ತದೆ. ಅಷ್ಟನ್ನಾದರೂ ತೆತ್ತಲ್ಲದೆ ನೀರು ಅದನ್ನು ಬಿಟ್ಟುಕೊಡದೆಂಬುದು ಪ್ರಕೃತಿಯ ನಿಯಮ. ನಿನ್ನ ಯಂತ್ರಗಳು ವಾಸ್ತವದಲ್ಲಿ ಕೇಳುವುದು 50ರಿಂದ 55 ಯೂನಿಟ್. ಅದೇ ಜಲಜನಕವನ್ನು ಇಂಧನಕೋಶಕ್ಕೆ ಹಾಕಿ ಮರಳಿ ವಿದ್ಯುತ್ತನ್ನು ಪಡೆದರೆ ಕೈಗೆ ಬರುವುದು 16ರಿಂದ 18. ಮೂರು ಪಾಲು ಕೊಟ್ಟು ಒಂದು ಪಾಲು ಪಡೆಯುವ ಈ ವ್ಯವಹಾರವನ್ನು, ಕೊಟ್ಟದ್ದರಲ್ಲಿ ಐದರಲ್ಲಿ ನಾಲ್ಕು ಪಾಲನ್ನಾದರೂ ಹಿಂದಿರುಗಿಸುವ ಬ್ಯಾಟರಿ ಎದುರಿಗಿರುವಾಗ, ಯಾವ ಗೃಹಸ್ಥನು ಒಪ್ಪಿಯಾನು?

ತರುಣಿ: ಲೆಕ್ಕ ಸರಿ, ನನ್ನ ಲೆಕ್ಕವೂ ಅದೇ. ಆದರೆ ನೀವು ನಲವತ್ತು ವರ್ಷ ನೋಡಿಕೊಂಡ ಬಾಯ್ಲರು ಕಲ್ಲಿದ್ದಲಿನ ಶಾಖದಲ್ಲಿ ಮೂರರಲ್ಲೊಂದು ಪಾಲನ್ನಷ್ಟೇ ವಿದ್ಯುತ್ತಾಗಿಸಿ ಉಳಿದದ್ದನ್ನು ಈ ನದಿಗೂ ಆಕಾಶಕ್ಕೂ ಒಪ್ಪಿಸುತ್ತಿತ್ತಲ್ಲವೆ? ಆ ನಷ್ಟವನ್ನು ನಾವು ಸಹಿಸಿದ್ದು, ಕಲ್ಲಿದ್ದಲನ್ನು ರಾಶಿ ಹಾಕಿಟ್ಟು ಬೇಕಾದ ಗಳಿಗೆಯಲ್ಲಿ ಉರಿಸಬಹುದೆಂಬ ಕಾರಣಕ್ಕೆ. ಹಾಗೆ ಕೂಡಿಡುವ ಗುಣ ಬಿಸಿಲಿಗಿಲ್ಲ. ಮಧ್ಯಾಹ್ನ ಕೊಳ್ಳುವವರಿಲ್ಲದೆ ನಿಲ್ಲಿಸಬೇಕಾಗಿ ಬರುವ ಸೌರವಿದ್ಯುತ್ತಿನಲ್ಲಿ ಮೂರರಲ್ಲೊಂದು ಪಾಲಾದರೂ ಉಳಿದರೆ ಅದು ಲಾಭವೇ. ವಿಶಾಖಪಟ್ಟಣದ ಬಳಿಯ ಸಿಂಹಾದ್ರಿ ಸ್ಥಾವರದ ಜಲಾಶಯದ ಮೇಲೆ 2021ರಲ್ಲಿ 25 ಮೆಗಾವ್ಯಾಟ್ ಸೌರಫಲಕಗಳನ್ನು ತೇಲಿಬಿಟ್ಟರು. ಆ ವಿದ್ಯುತ್ತಿನಿಂದ ಹಗಲು ಜಲಜನಕವನ್ನು ಮಾಡಿ ಕೂಡಿಟ್ಟು, ಸಂಜೆ ಐದರಿಂದ ಬೆಳಗಿನ ಏಳರವರೆಗೆ 50 ಕಿಲೋವ್ಯಾಟಿನ ಇಂಧನಕೋಶವನ್ನು ನಡೆಸುವ ಯೋಜನೆಯನ್ನು ಎನ್‌ಟಿಪಿಸಿ ಅದೇ ವರ್ಷ ಪ್ರಕಟಿಸಿತು. ಪ್ರಮಾಣ ಅತ್ಯಲ್ಪ, ಆದರೆ ರಾತ್ರಿಗೆ ಸೂರ್ಯನನ್ನು ಒದಗಿಸುವ ಮಾರ್ಗ ಅದರಲ್ಲಿದೆ.

ಹಿರಿಯರು: ರಾತ್ರಿಯ ದೀಪಕ್ಕೆ ಬ್ಯಾಟರಿ ಸಾಲದೆ? ಬೆಟ್ಟದ ಮೇಲೊಂದು ಕೆಳಗೊಂದು ಕೆರೆಯನ್ನು ಕಟ್ಟಿ, ಹಗಲು ನೀರನ್ನು ಮೇಲೇರಿಸಿ ಇರುಳು ಇಳಿಸುವ ಏರ್ಪಾಡು ಇದೇ ಆಂಧ್ರದ ನಂದ್ಯಾಲ ಜಿಲ್ಲೆಯ ಪಿನ್ನಾಪುರದಲ್ಲಿ ಆಗಿದೆ. ನೀರನ್ನು ಒಡೆಯದೆಯೇ ನೀರಿನಿಂದ ಕೆಲಸ ಮಾಡಿಸಿಕೊಳ್ಳುವ ಆ ವಿದ್ಯೆ ನನಗೆ ಇದಕ್ಕಿಂತ ಹೆಚ್ಚು ಹಿಡಿಸುತ್ತದೆ.

ತರುಣಿ: ಒಂದು ರಾತ್ರಿಯ ಮಟ್ಟಿಗೆ ನೀವೇ ಗೆದ್ದಿರಿ. ದೀಪಕ್ಕಾಗಿ ಜಲಜನಕವೆಂಬ ವಾದವನ್ನು ನಾನು ಬಿಗಿಯಾಗಿ ಹಿಡಿಯುವುದಿಲ್ಲ. ನನ್ನ ಮುಖ್ಯವಾದ ಮಾತು ದೀಪದ್ದಲ್ಲ, ಅನ್ನದ್ದು ಮತ್ತು ಉಕ್ಕಿನದು. ಅದನ್ನು ಗಾಡಿಯಲ್ಲಿ ಹೇಳುತ್ತೇನೆ.

ರೈಲು ಏಲೂರನ್ನು ಬಿಟ್ಟು ಗೋದಾವರಿಯ ಸೀಮೆಯತ್ತ ಸಾಗುತ್ತಿದ್ದಾಗ, ಎರಡೂ ಬದಿಗೆ ಹಬ್ಬಿದ ಭತ್ತದ ಗದ್ದೆಗಳನ್ನು ನೋಡುತ್ತ ಹಿರಿಯರೇ ಮಾತನ್ನೆತ್ತಿದರು.

ಹಿರಿಯರು: ಅನ್ನದ ಮಾತೆಂದೆಯಲ್ಲ. ಈ ದೇಶ ಆ ಪ್ರಯೋಗವನ್ನು ಒಮ್ಮೆ ಮಾಡಿ ಕೈಬಿಟ್ಟಿದೆಯೆಂಬುದು ನಿನಗೆ ಗೊತ್ತಿರಬೇಕು. ಭಾಕ್ರಾ ನಂಗಲ್ ಅಣೆಕಟ್ಟಿನ ವಿದ್ಯುತ್ತಿನಿಂದ ನೀರನ್ನೊಡೆದು, ಆ ಜಲಜನಕದಿಂದ ಅಮೋನಿಯಾ, ಅಮೋನಿಯಾದಿಂದ ಗೊಬ್ಬರ ಮಾಡುವ ಕಾರ್ಖಾನೆ ಪಂಜಾಬಿನ ನಂಗಲ್‌ನಲ್ಲಿ 1961ರಲ್ಲಿ ಆರಂಭವಾಯಿತು. ಅದರ ಜೊತೆಗೇ 1962ರಲ್ಲಿ ಭಾರಜಲದ ಘಟಕವೂ ಬಂದಿತು. ಹೊಗೆಯಿಲ್ಲದ ಗೊಬ್ಬರವನ್ನು ಅರವತ್ತು ವರ್ಷಗಳ ಹಿಂದೆಯೇ ಮಾಡಿದ ಆ ಕಾರ್ಖಾನೆ, ಎಪ್ಪತ್ತರ ದಶಕದಲ್ಲಿ ವಿದ್ಯುತ್ತಿನ ಕೊರತೆ ಬಂದಾಗ ಏನು ಮಾಡಿತು? ಜಲಜನಕಕ್ಕಾಗಿ ಎಣ್ಣೆಯ ಮೊರೆಹೊಕ್ಕಿತು. ಹೊಲದ ಪಂಪುಸೆಟ್ಟೂ ಊರಿನ ದೀಪವೂ ಒಂದು ಕಡೆ ಕೈಚಾಚಿ ನಿಂತಿರುವಾಗ, ಒಂದು ಕಾರ್ಖಾನೆ ಅಷ್ಟು ವಿದ್ಯುತ್ತನ್ನು ತಾನೊಂದೇ ಕುಡಿಯುವುದು ನ್ಯಾಯವಲ್ಲವೆಂದು ಕಾಲವೇ ತೀರ್ಪು ಕೊಟ್ಟಿತು.

ತರುಣಿ: ನಂಗಲ್‌ನ ಕಥೆಯನ್ನು ನಾನು ಬೇರೊಂದು ಬಗೆಯಾಗಿ ಓದುತ್ತೇನೆ. ಅಲ್ಲಿ ಸೋತದ್ದು ರಸಾಯನಶಾಸ್ತ್ರವಲ್ಲ, ವಿದ್ಯುತ್ತಿನ ಬಡತನ. ಅಣೆಕಟ್ಟಿನ ನೀರಿಗೆ ಒಂದು ಮಿತಿಯುಂಟು. ಆ ಮಿತಿಯೊಳಗೆ ಹಂಚಿಕೊಳ್ಳಬೇಕಾದವರು ಹೆಚ್ಚಿದಾಗ ಜಗಳ ಸಹಜ. ಬಿಸಿಲಿಗೆ ಆ ಮಿತಿಯಿಲ್ಲ. 2010ರ ಸುಮಾರಿಗೆ ಯೂನಿಟ್ಟಿಗೆ 10 ರೂಪಾಯಿಗೂ ಮೇಲಿದ್ದ ಸೌರವಿದ್ಯುತ್ತಿನ ದರ 2020ರ ಹೊತ್ತಿಗೆ ಹರಾಜಿನಲ್ಲಿ 2 ರೂಪಾಯಿಯ ಆಸುಪಾಸಿಗೆ ಇಳಿಯಿತು. ನಂಗಲ್ ಕಟ್ಟಿದವರ ಕಾಲದಲ್ಲಿ ಹೀಗಾದೀತೆಂದು ಯಾರಾದರೂ ಹೇಳಿದ್ದರೆ ನಗುತ್ತಿದ್ದರು. ಅವರು ತಪ್ಪು ದಾರಿ ಹಿಡಿದವರಲ್ಲ; ಕಾಲಕ್ಕಿಂತ ಮುಂಚೆ ಹುಟ್ಟಿದವರು.

ಹಿರಿಯರು: ಬಿಸಿಲಿಗೆ ಮಿತಿಯಿಲ್ಲದಿರಬಹುದು, ಫಲಕಗಳಿಗೂ ತಂತಿಗಳಿಗೂ ನೆಲಕ್ಕೂ ಮಿತಿಯಿದೆ. ಆದುದರಿಂದ ನನ್ನ ಮುಂದಿನ ಲೆಕ್ಕವನ್ನು ಗಮನವಿಟ್ಟು ಕೇಳು. 50 ಯೂನಿಟ್ ಸೌರವಿದ್ಯುತ್ತು ನನ್ನ ಬಳಿ ಇದೆಯೆಂದಿಟ್ಟುಕೋ. ಅದನ್ನು ನೇರವಾಗಿ ತಂತಿಗೆ ಬಿಟ್ಟು, ವಿಜಯವಾಡದ ಸ್ಥಾವರದಲ್ಲಿ ಅಷ್ಟು ಕಲ್ಲಿದ್ದಲು ಉರಿಯದಂತೆ ಮಾಡಿದರೆ, ಸುಮಾರು 45 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡು ಆಕಾಶಕ್ಕೇರದೆ ಉಳಿಯುತ್ತದೆ. ಅದೇ 50 ಯೂನಿಟ್ಟಿನಿಂದ ಒಂದು ಕಿಲೋಗ್ರಾಂ ಜಲಜನಕವನ್ನು ಮಾಡಿ, ಈಗ ನೈಸರ್ಗಿಕ ಅನಿಲದಿಂದ ತೆಗೆಯುತ್ತಿರುವ ಜಲಜನಕದ ಬದಲಿಗೆ ಬಳಸಿದರೆ, ಉಳಿಯುವುದು 9 ಅಥವಾ 10 ಕಿಲೋಗ್ರಾಂ. ಐದು ಪಾಲು ಪುಣ್ಯ ಬರುವ ಕೆಲಸವನ್ನು ಬಿಟ್ಟು ಒಂದು ಪಾಲು ಪುಣ್ಯದ ಕೆಲಸಕ್ಕೆ ಏಕೆ ಧಾವಿಸಬೇಕು? ಮೊದಲು ಕಲ್ಲಿದ್ದಲಿನ ಬೆಂಕಿ ಆರಲಿ. ಜಲಜನಕದ ಸರದಿ ಆಮೇಲೆ ಬರಲಿ. ಇನ್ನು ಕಲ್ಲಿದ್ದಲಿನ ವಿದ್ಯುತ್ತಿನಿಂದಲೇ ನೀರನ್ನೊಡೆಯುವ ಪ್ರಸಂಗ ಬಂದರಂತೂ, ನೈಸರ್ಗಿಕ ಅನಿಲದಿಂದ ತೆಗೆದದ್ದಕ್ಕಿಂತ ಐದುಪಟ್ಟು ಮಲಿನವಾದ ಜಲಜನಕ ಹುಟ್ಟುತ್ತದೆ.

ತರುಣಿ: ಅದಕ್ಕಾಗಿಯೇ 2023ರಲ್ಲಿ ಸರ್ಕಾರ ಒಂದು ಗೆರೆಯನ್ನೆಳೆದಿದೆ: ಒಂದು ಕಿಲೋಗ್ರಾಂ ಜಲಜನಕಕ್ಕೆ 2 ಕಿಲೋಗ್ರಾಮಿಗಿಂತ ಹೆಚ್ಚು ಇಂಗಾಲದ ಹೊರೆ ಬಿದ್ದರೆ ಅದನ್ನು ಹಸಿರೆಂದು ಕರೆಯುವಂತಿಲ್ಲ. ಕಲ್ಲಿದ್ದಲು ಆ ಗೆರೆಯ ಒಳಗೆ ಕಾಲಿಡಲಾರದು.

ಹಿರಿಯರು: ಗೆರೆಯನ್ನೆಳೆದರು, ಸರಿ. ಆದರೆ ವರ್ಷದ ಸರಾಸರಿಯಲ್ಲಿ ಲೆಕ್ಕ ಹಾಕಿದರೆ, ಹಗಲಿನ ಬಿಸಿಲನ್ನು ಲೆಕ್ಕದ ಪುಸ್ತಕದಲ್ಲಿ ತೋರಿಸಿ ಇರುಳಿನಲ್ಲಿ ಕಲ್ಲಿದ್ದಲಿನ ತಂತಿಯಿಂದ ಎಳೆದುಕೊಳ್ಳುವವರನ್ನು ಕಾಯುವವರಾರು? ಯಂತ್ರವನ್ನು ನೋಡಿಕೊಂಡವನು ನಾನು. ಕೋಟಿಗಟ್ಟಲೆ ಬೆಲೆಯ ಯಂತ್ರ ದಿನಕ್ಕೆ ಆರು ತಾಸು ಮಾತ್ರ ನಡೆದು ಹದಿನೆಂಟು ತಾಸು ನಿದ್ರಿಸುವುದನ್ನು ಯಾವ ಮಾಲೀಕನೂ ಸಹಿಸುವುದಿಲ್ಲ.

ತರುಣಿ: ಆ ಕಾವಲು ಬಿಗಿಯಾಗಬೇಕೆಂಬುದನ್ನು ಒಪ್ಪಿದೆ. ಆದರೆ ನಿಮ್ಮ ‘ಮೊದಲು ಅದು, ಆಮೇಲೆ ಇದು’ ಎಂಬ ಕ್ರಮವನ್ನು ಒಪ್ಪಲಾರೆ. ಈ ಗದ್ದೆಗಳನ್ನು ನೋಡಿ. ಇವುಗಳಿಗೆ ಬೀಳುವ ಯೂರಿಯಾದ ಮೂಲ ಅಮೋನಿಯಾ. ಅಮೋನಿಯಾದ ಮೂಲ ಜಲಜನಕ. ಒಂದು ಟನ್ ಅಮೋನಿಯಾದಲ್ಲಿ ಸುಮಾರು 176 ಕಿಲೋಗ್ರಾಂ ಜಲಜನಕವಿದೆ. ಆ ಜಲಜನಕಕ್ಕಾಗಿ ನಾವು ಪರದೇಶದ ಅನಿಲಕ್ಕೆ ಹಣ ತೆರುತ್ತೇವೆ, ಯುದ್ಧವಾದಾಗಲೆಲ್ಲ ಅದರ ಬೆಲೆಯೇರಿಕೆಗೆ ಬೆದರುತ್ತೇವೆ. ಈ ಕೆಲಸವನ್ನು ತಂತಿಯಿಂದಲೂ ಬ್ಯಾಟರಿಯಿಂದಲೂ ಮಾಡಲಾಗದು; ಸಸ್ಯಕ್ಕೆ ಬೇಕಾದದ್ದು ವಿದ್ಯುತ್ತಲ್ಲ, ಸಾರಜನಕದೊಡನೆ ಬೆಸೆದ ಜಲಜನಕ. ಕಬ್ಬಿಣದ ಅದಿರಿನ ಕತೆಯೂ ಅದೇ: ಅದಿರಿನೊಳಗಿನ ಆಮ್ಲಜನಕವನ್ನು ಸೆಳೆದುಕೊಳ್ಳಲು ಇಂದು ಕೋಕು ಬೇಕು, ಒಂದು ಟನ್ ಉಕ್ಕಿಗೆ ಸುಮಾರು ಎರಡು ಟನ್ ಇಂಗಾಲದ ಡೈಆಕ್ಸೈಡು ಹೊರಬೀಳುತ್ತದೆ. ಆ ಸೆಳೆಯುವ ಕೆಲಸವನ್ನು ಜಲಜನಕವು ಮಾಡಿದರೆ ಹೊರಬೀಳುವುದು ನೀರಾವಿ. ಸ್ವೀಡನ್ನಿನ ಲೂಲಿಯೋದಲ್ಲಿ 2021ರಲ್ಲಿ ಹಾಗೆ ಕಬ್ಬಿಣವನ್ನು ಮಾಡಿ ತೋರಿಸಿದರು. ನಮ್ಮ ಬಳ್ಳಾರಿಯ ತೋರಣಗಲ್ಲಿನಲ್ಲಿಯೂ ಉಕ್ಕಿಗಾಗಿ ಹಸಿರು ಜಲಜನಕವನ್ನು ಮಾಡತೊಡಗಿದ್ದಾರೆ. ಇವನ್ನೆಲ್ಲ ಕಲಿಯಲು ದಶಕಗಳು ಬೇಕು, ಮಾವ. ಕಲ್ಲಿದ್ದಲು ಪೂರ್ತಿ ಆರಿದ ಮರುದಿನ ಬೆಳಗ್ಗೆ ಎದ್ದು ಕಲಿಯತೊಡಗಿದರೆ, ಆ ದಶಕಗಳನ್ನು ನಮಗೆ ಯಾರು ಸಾಲ ಕೊಡುತ್ತಾರೆ? ಸೌರಫಲಕದ ದರ ತಾನಾಗಿ ಇಳಿಯಲಿಲ್ಲ. ಅದು ದುಬಾರಿಯಾಗಿದ್ದಾಗಲೂ ಕೊಂಡವರಿದ್ದುದರಿಂದ ಇಳಿಯಿತು.

ಹಿರಿಯರು ಇದಕ್ಕೆ ತಡಮಾಡಿ ಉತ್ತರವಿತ್ತರು. ಅಷ್ಟರಲ್ಲಿ ರಾಜಮಹೇಂದ್ರಿಯ ಸೇತುವೆಯೂ ದಾಟಿ, ಕಾಕಿನಾಡದ ಕವಲುದಾರಿಯಾದ ಸಾಮರ್ಲಕೋಟೆ ಸಮೀಪಿಸಿತ್ತು.

ಹಿರಿಯರು: ಗೊಬ್ಬರ, ಉಕ್ಕು, ಎಣ್ಣೆ ಶುದ್ಧೀಕರಣ: ಈ ಮೂರಕ್ಕೆ ನನ್ನ ಆಕ್ಷೇಪಣೆಯನ್ನು ಸಡಿಲಿಸುತ್ತೇನೆ, ಬೇರೆ ಮಾರ್ಗವಿಲ್ಲದ ಕಡೆ ದುಬಾರಿ ಮಾರ್ಗವೂ ಮಾರ್ಗವೇ. ಆದರೆ ಜಲಜನಕದ ಕಾರು, ಜಲಜನಕದ ಅಡಿಗೆ ಒಲೆ ಎಂದು ಜನರಿಗೆ ಆಸೆ ತೋರಿಸುವವರ ಬಾಯನ್ನು ನೀನೇ ಮುಚ್ಚಿಸಬೇಕು.

ತರುಣಿ: ಮುಚ್ಚಿಸಲು ಸಿದ್ಧಳಿದ್ದೇನೆ. ಊರೊಳಗಿನ ಬಸ್ಸಿಗೂ ಸ್ಕೂಟರಿಗೂ ಬ್ಯಾಟರಿಯೇ ತಕ್ಕದ್ದು.

ಹಿರಿಯರು: ಹಾಗಾದರೆ ಇನ್ನೊಂದು ಮಾತನ್ನು ಕೇಳುತ್ತೇನೆ. ಈ ಕಾಕಿನಾಡದಲ್ಲಿ ಹಿಂದೆ ಯೂರಿಯಾ ಮಾಡುತ್ತಿದ್ದ ಕಾರ್ಖಾನೆಯ ನೆಲೆಯಲ್ಲಿ ವರ್ಷಕ್ಕೆ 10 ಲಕ್ಷ ಟನ್ ಹಸಿರು ಅಮೋನಿಯಾದ ಯೋಜನೆ ಎದ್ದಿದೆಯಷ್ಟೆ. ಅದು ಈ ಗದ್ದೆಗಳಿಗೆ ಬೀಳುತ್ತದೆಯೋ, ಯೂರೋಪಿನ ಹಡಗನ್ನೇರುತ್ತದೆಯೋ? ನೀನು ಅನ್ನದ ಹೆಸರಿನಲ್ಲಿ ವಾದವನ್ನು ಕಟ್ಟಿದೆ. ಯೋಜನೆಗಳ ಕಣ್ಣು ರಫ್ತಿನ ಮೇಲಿದೆ.

ತರುಣಿ: ರಫ್ತಿನ ಮೇಲೂ ಇದೆ, ಅಲ್ಲವೆನ್ನಲಾರೆ. ಮೊದಮೊದಲು ಹೆಚ್ಚಿನ ಬೆಲೆ ತೆರಬಲ್ಲವನು ಪರದೇಶದ ಗಿರಾಕಿ. ಅವನ ಹಣದಿಂದ ನಾವು ಕಲಿತರೆ, ಮುಂದೆ ಅಗ್ಗವಾದಾಗ ಅದು ನಮ್ಮ ರೈತನಿಗೆ ದಕ್ಕುತ್ತದೆಂಬುದು ನನ್ನ ನಂಬಿಕೆ.

ಹಿರಿಯರು: ನಂಬಿಕೆಯೆಂಬುದನ್ನು ನಂಬಿಕೆಯೆಂದೇ ಹೇಳಿದೆಯಲ್ಲ, ಅದಕ್ಕಾಗಿ ಸಂತೋಷ.

ಮರುದಿನ ಅವರು ವಿಶಾಖಪಟ್ಟಣದಿಂದ ದಕ್ಷಿಣಕ್ಕೆ, ಅಚ್ಯುತಾಪುರದ ಆಚೆಯ ಪೂಡಿಮಡಕದ ಕಡಲ ತಡಿಗೆ ಹೋಗಿದ್ದರು.

ತರುಣಿ: ಈ ನೆಲದ ಪೂರ್ವಕಥೆಯನ್ನು ನೀವು ಕೇಳಿರಬಹುದು. ಇಲ್ಲಿ 4000 ಮೆಗಾವ್ಯಾಟಿನ ಕಲ್ಲಿದ್ದಲು ಸ್ಥಾವರವನ್ನು ಕಟ್ಟಬೇಕೆಂದು ಎನ್‌ಟಿಪಿಸಿಯೇ ಯೋಚಿಸಿತ್ತು. ಆ ಯೋಜನೆ ಬಿದ್ದುಹೋಗಿ, 2024ರಲ್ಲಿ 1200 ಎಕರೆ ನೆಲವನ್ನು ಜಲಜನಕದ ಕೇಂದ್ರಕ್ಕೆಂದು ಗುತ್ತಿಗೆಗೆ ಪಡೆದರು. ದಿನಕ್ಕೆ 1500 ಟನ್ ಜಲಜನಕ, ಅದರಿಂದ ಮಾಡುವ ಮೆಥನಾಲ್, ಯೂರಿಯಾ, ವಿಮಾನದ ಇಂಧನ ಮುಂತಾದವು 7500 ಟನ್, ಇವುಗಳಿಗೆ ಬೇಕಾದ 20 ಸಾವಿರ ಮೆಗಾವ್ಯಾಟ್ ಸೌರ ಮತ್ತು ಪವನವಿದ್ಯುತ್ತು, ಒಟ್ಟು ಸುಮಾರು 1,85,000 ಕೋಟಿ ರೂಪಾಯಿ. ಇಡೀ ದೇಶದ ಜಲಜನಕ ಮಿಷನ್ನಿಗೆ 2023ರಲ್ಲಿ ಕೇಂದ್ರ ಸಚಿವಸಂಪುಟ ಒಪ್ಪಿದ ಮೊತ್ತ 19,744 ಕೋಟಿ, ಗುರಿ 2030ಕ್ಕೆ ವರ್ಷಕ್ಕೆ 50 ಲಕ್ಷ ಟನ್. ಹೊಗೆಗೂಡು ಏಳಬೇಕಾಗಿದ್ದ ಕಡೆ ಹೊಗೆಯಿಲ್ಲದ ಉದ್ಯಮ ಬರುತ್ತಿರುವುದು ಈ ತೀರದ ಭಾಗ್ಯವೆಂದು ನನಗೆ ತೋರುತ್ತದೆ.

ಹಿರಿಯರು: 1500 ಟನ್ನನ್ನು ವಿದ್ಯುತ್ತಿನ ಮಾತಿಗೆ ತಿರುಗಿಸಿ ನೋಡಿದೆಯಾ? ಹಗಲಿರುಳೂ ಬಿಡದೆ 3400 ಮೆಗಾವ್ಯಾಟ್. ನಿನ್ನೆ ನಾವು ನೋಡಿದ ವಿಜಯವಾಡದ ಸ್ಥಾವರದ ಎಲ್ಲ ಘಟಕಗಳೂ ಪೂರ್ಣಬಲದಿಂದ ದುಡಿದರೆ ಬರುವುದು 2560. ಇನ್ನು ಬಿಸಿಲಿನ ನೆಲ. ನಮ್ಮ ಪಾವಗಡದಲ್ಲಿ 2050 ಮೆಗಾವ್ಯಾಟಿಗೆ ಸುಮಾರು 13,000 ಎಕರೆ ಹೋಯಿತು. 20 ಸಾವಿರ ಮೆಗಾವ್ಯಾಟಿನಲ್ಲಿ ಅರ್ಧ ಭಾಗ ಮಾತ್ರ ಬಿಸಿಲಿನಿಂದ ಬಂದರೂ 60,000 ಎಕರೆಗೆ ಮಿಕ್ಕ ನೆಲ ಬೇಕು. ಕಡಲ ತಡಿಯ 1200 ಎಕರೆ ಕಣ್ಣಿಗೆ ಕಾಣುವ ಕಾರ್ಖಾನೆ. ಕಾಣದ ಕಾರ್ಖಾನೆ ಒಳನಾಡಿನ ಕೆಂಪು ಹೊಲಗಳಲ್ಲಿ ಹರಡಿಕೊಂಡಿರುತ್ತದೆ.

ತರುಣಿ: ಪಾವಗಡದಲ್ಲಿ ರೈತರ ನೆಲವನ್ನು ಕಿತ್ತುಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದು, ಆರಂಭದಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಕೊಟ್ಟರು. ಮಳೆಯನ್ನು ನೆಚ್ಚಿ ಸೋತ ಹೊಲಕ್ಕೆ ಅದು ನಿಶ್ಚಿತವಾದ ಆದಾಯ.

ಹಿರಿಯರು: ಹೊಲವಿದ್ದವನಿಗೆ ನಿಶ್ಚಿತವಾದ ಆದಾಯ. ಅದೇ ಹೊಲದಲ್ಲಿ ಕಳೆ ಕಿತ್ತು ಕುರಿ ಮೇಯಿಸಿ ಬದುಕುತ್ತಿದ್ದ, ನೆಲವಿಲ್ಲದವನಿಗೆ ಗುತ್ತಿಗೆಯ ಪತ್ರದಲ್ಲಿ ಹೆಸರೇ ಇರಲಿಲ್ಲ. ಇಲ್ಲಿನ ಮೀನುಗಾರನ ಸ್ಥಿತಿಯೂ ಹಾಗೆಯೇ: ಕಡಲಿಗೆ ಪಟ್ಟಾ ಇಲ್ಲ, ಆದುದರಿಂದ ಅವನ ನಷ್ಟಕ್ಕೆ ದಾಖಲೆಯೂ ಇಲ್ಲ.

ತರುಣಿ: ಈ ಮಾತು ನನ್ನನ್ನು ನಿಜವಾಗಿಯೂ ನೋಯಿಸುತ್ತದೆ, ಮಾವ. ಇದಕ್ಕೆ ಯಂತ್ರದಲ್ಲಿ ಉತ್ತರವಿಲ್ಲ, ಕಾನೂನಿನಲ್ಲಿ ಹುಡುಕಬೇಕು. ಆದರೆ ನೀರಿನ ವಿಷಯದಲ್ಲಿ ಹರಡಿರುವ ಭಯ ಲೆಕ್ಕಕ್ಕೆ ನಿಲ್ಲುವುದಿಲ್ಲ. ಒಂದು ಕಿಲೋಗ್ರಾಂ ಜಲಜನಕದಲ್ಲಿ ಅಡಗುವುದು 9 ಲೀಟರ್ ನೀರು. ಶುದ್ಧೀಕರಣ, ತಂಪು ಎಲ್ಲ ಸೇರಿ 20ರಿಂದ 30 ಲೀಟರ್ ಎನ್ನಿ. 1500 ಟನ್ನಿಗೆ ವರ್ಷವಿಡೀ ಬೇಕಾಗುವುದು ಹೆಚ್ಚೆಂದರೆ ಅರ್ಧ ಟಿಎಂಸಿಗಿಂತ ತುಸು ಹೆಚ್ಚು. ಬಚಾವತ್ ನ್ಯಾಯಮಂಡಳಿ ಕೃಷ್ಣೆಯಲ್ಲಿ ಆಂಧ್ರಕ್ಕೆ 800, ನಮಗೆ 700 ಟಿಎಂಸಿ ಹಂಚಿತ್ತೆಂಬುದನ್ನು ನೆನೆದರೆ ಇದು ಎಷ್ಟರದು? ಹಳೆಯ ಕಲ್ಲಿದ್ದಲು ಸ್ಥಾವರಗಳಿಗೆ 2015ರಲ್ಲಿ ಸರ್ಕಾರ ಹಾಕಿದ ಮಿತಿಯೇ ಯೂನಿಟ್ಟಿಗೆ ಮೂರೂವರೆ ಲೀಟರ್. ಮೇಲಾಗಿ ಎದುರಿಗೆ ಕಡಲಿದೆ. ಉಪ್ಪುನೀರನ್ನು ಸಿಹಿ ಮಾಡಲು ಸಾವಿರ ಲೀಟರಿಗೆ ಮೂರು ನಾಲ್ಕು ಯೂನಿಟ್ ಸಾಕು. ನೀರನ್ನೊಡೆಯುವ ಖರ್ಚಿನ ಮುಂದೆ ಅದು ಲೆಕ್ಕಕ್ಕೇ ಬಾರದು.

ಹಿರಿಯರು: ನೀರಿನ ಪ್ರಮಾಣದ ಬಗ್ಗೆ ನನ್ನ ಅಂಜಿಕೆ ಹೆಚ್ಚಾಗಿತ್ತು, ತಿದ್ದಿಕೊಳ್ಳುತ್ತೇನೆ. ಆದರೆ ಸಿಹಿನೀರನ್ನು ತೆಗೆದ ಮೇಲೆ ಉಳಿಯುವ ಇಮ್ಮಡಿ ಉಪ್ಪಿನ ನೀರು ಮರಳಿ ಎಲ್ಲಿಗೆ ಹೋಗುತ್ತದೆ? ಮೀನು ಮರಿಹಾಕುವ ಈ ತೀರಕ್ಕೇ ಅಲ್ಲವೆ? ಅದನ್ನು ದೂರ ಸಾಗಿಸಿ, ಚದುರಿಸಿ, ತೆಳುವಾಗಿಸಿ ಬಿಡುವ ವಿದ್ಯೆ ಇದೆ. ಆ ವಿದ್ಯೆಗೆ ಹಣ ಖರ್ಚಾಗುತ್ತದೆ. ಹಣ ಉಳಿಸುವ ದಿನ ಬಂದಾಗ ಮೊದಲು ಕತ್ತರಿ ಬೀಳುವುದು ಅಂಥ ಖರ್ಚಿನ ಮೇಲೆಯೇ. ಅಪಾಯದ ಮಾತನ್ನೂ ಆಡಲೇಬೇಕು. ಈ ವಿಶಾಖಪಟ್ಟಣ 1997ರ ಸೆಪ್ಟೆಂಬರ್ 14ರಂದು ಎಣ್ಣೆ ಶುದ್ಧೀಕರಣಾಗಾರದ ಬೆಂಕಿಯಲ್ಲಿ ಐವತ್ತಕ್ಕೂ ಹೆಚ್ಚು ಜನರನ್ನು ಕಳೆದುಕೊಂಡ ಊರು. 2020ರ ಮೇ 7ರ ಬೆಳಗಿನ ಜಾವ ವೆಂಕಟಾಪುರದಲ್ಲಿ ಸ್ಟೈರೀನ್ ಅನಿಲ ಸೋರಿ, ಮಲಗಿದ್ದವರು ಮಲಗಿದ್ದಲ್ಲಿಂದ ಎದ್ದು ಓಡಿ ಬೀದಿಯಲ್ಲಿ ಕುಸಿದ ಊರು. ಗಾಳಿಯಲ್ಲಿ ನೂರಕ್ಕೆ ನಾಲ್ಕು ಪಾಲು ಸೇರಿದರೂ ಹೊತ್ತಿಕೊಳ್ಳುವ, ಹಗಲಿನಲ್ಲಿ ಜ್ವಾಲೆಯೇ ಕಾಣದ ಅನಿಲವನ್ನೂ, ಉಸಿರು ಕಟ್ಟಿಸುವ ಅಮೋನಿಯಾವನ್ನೂ ಇಂಥ ಊರಿನ ನೆರೆಗೆ ತರುವಾಗ, ಎಂಜಿನಿಯರರ ಭರವಸೆಯೊಂದೇ ಸಾಲದು.

ತರುಣಿ: ಸಾಲದು. ಆದರೆ ಜಲಜನಕವು ಗಾಳಿಗಿಂತ ಹದಿನಾಲ್ಕು ಪಟ್ಟು ಹಗುರ. ಬಯಲಿನಲ್ಲಿ ಸೋರಿದರೆ ನೆಲದ ಮೇಲೆ ಹರಿದಾಡದೆ ಮೇಲಕ್ಕೆ ಹಾರಿಹೋಗುತ್ತದೆ. ಅಮೋನಿಯಾ ಹೆಚ್ಚು ಅಂಜಬೇಕಾದ ವಸ್ತು. ಅದು ಈಗಾಗಲೇ ಇಲ್ಲಿನ ಬಂದರಿಗೆ ಹಡಗಿನಲ್ಲಿ ಬರುತ್ತಿದೆ. ಅಪಾಯದ ಜೊತೆಗೆ ಉಪಕಾರವನ್ನೂ ಎಣಿಸಿ. ಒಂದು ಕಿಲೋಗ್ರಾಂ ಜಲಜನಕ ಬಂದಾಗ ಎಂಟು ಕಿಲೋಗ್ರಾಂ ಆಮ್ಲಜನಕವೂ ಬರುತ್ತದೆ; ಈ ಕೇಂದ್ರದಿಂದ ದಿನಕ್ಕೆ 12,000 ಟನ್. 2021ರ ಏಪ್ರಿಲಿನಲ್ಲಿ ಉಸಿರಿಗಾಗಿ ದೇಶವೇ ಚಡಪಡಿಸುತ್ತಿದ್ದಾಗ, ಮಹಾರಾಷ್ಟ್ರದ ಮೊದಲ ಆಮ್ಲಜನಕದ ರೈಲು ತುಂಬಿಕೊಂಡು ಹೊರಟದ್ದು ಇದೇ ವಿಶಾಖಪಟ್ಟಣದ ಉಕ್ಕಿನ ಕಾರ್ಖಾನೆಯಿಂದ. 1966ರಲ್ಲಿ ಪ್ರಾಣತೆತ್ತು ಆ ಕಾರ್ಖಾನೆಯನ್ನು ಪಡೆದುಕೊಂಡ ಜನರಿವರು. ಇವರು ಉದ್ಯಮವನ್ನು ದ್ವೇಷಿಸುವವರಲ್ಲ.

ಹಿರಿಯರು: ದ್ವೇಷಿಸುವವರಲ್ಲ, ಅದಕ್ಕಾಗಿಯೇ ಅವರನ್ನು ಕೇಳಿ ಮಾಡಬೇಕು. ಈಗ ನನ್ನ ನಿಲುವನ್ನು ಒಟ್ಟಾಗಿ ಹೇಳಿಬಿಡುತ್ತೇನೆ. ಜಲವಿಭಜನೆ ಶಕ್ತಿಯ ಮೂಲವಲ್ಲ. ಶಕ್ತಿಯನ್ನು ತೆತ್ತು ಕೊಳ್ಳುವ ಒಂದು ದುಬಾರಿ ಪದಾರ್ಥ. ಬೇರೆ ದಾರಿಯಿಲ್ಲದ ಕೆಲಸಗಳಿಗೆ ಅದನ್ನು ಕೊಳ್ಳೋಣ. ಆದರೆ ಬಿಸಿಲಿನ ವಿದ್ಯುತ್ತಿನ ಮೇಲೆ ಮೊದಲ ಹಕ್ಕು ಕಲ್ಲಿದ್ದಲಿನ ಬೆಂಕಿಯನ್ನು ಆರಿಸುವ ಕಾರ್ಯಕ್ಕೆ, ಎರಡನೆಯದು ಈ ನಾಡಿನ ಹೊಲಕ್ಕೆ, ರಫ್ತಿನ ಹಡಗಿಗೆ ಕಡೆಯದು. ಈ ಕ್ರಮ ತಲೆಕೆಳಗಾದರೆ, ಬೊಗಳೆಯ ನೀರಿನ ಕಾರು ಒಬ್ಬಿಬ್ಬರನ್ನು ವಂಚಿಸಿದಂತೆ ಇದು ಇಡೀ ಕರಾವಳಿಯನ್ನು ವಂಚಿಸೀತು.

ತರುಣಿ: ನನ್ನ ನಿಲುವೂ ಒಂದು ಮಟ್ಟಿಗೆ ಬದಲಾಗಿದೆ. ‘ನೀರಿನಲ್ಲಿ ಇಂಧನವಿದೆ’ ಎಂಬ ಮಾತನ್ನು ಇನ್ನು ಯಾರ ಮುಂದೆಯೂ ಆಡೆನು. ಅದು ಕೇಳಿದವರನ್ನು ದಾರಿತಪ್ಪಿಸುತ್ತದೆ. ಆದರೆ ನಿಮ್ಮ ಕ್ರಮದಲ್ಲಿ ನನಗೊಂದು ತೊಡಕು ಕಾಣುತ್ತದೆ. ಹೆಚ್ಚು ಬೆಲೆ ತೆರುವ ಹಡಗನ್ನು ಕಡೆಗಿಟ್ಟರೆ, ಮೊದಲ ಕಾರ್ಖಾನೆಯ ನಷ್ಟವನ್ನು ಹೊರುವವರು ಯಾರು? ರೈತನೇ ಹೊರಬೇಕೆಂದರೆ ಗೊಬ್ಬರದ ಬೆಲೆ ಏರುತ್ತದೆ. ಸರ್ಕಾರವೆಂದರೆ ತೆರಿಗೆ ಕೊಡುವ ನಾವೇ. ಯಾರೂ ಹೊರದಿದ್ದರೆ ನಾವು ಕಲಿಯುವುದಿಲ್ಲ. ಇನ್ನೊಂದು ದೇಶ ಕಲಿತು, ಯಂತ್ರವನ್ನೂ ಪೇಟೆಂಟನ್ನೂ ನಮಗೆ ಮಾರುತ್ತದೆ. ಆಗಲೂ ಈ ಗದ್ದೆಗಳ ಗೊಬ್ಬರದ ಬೀಗದಕೈ ಪರರ ಕೈಯಲ್ಲಿಯೇ ಇರುತ್ತದೆ.

ಹಿರಿಯರು: ಆ ತೊಡಕನ್ನು ಬಿಡಿಸುವ ಉಪಾಯ ನನಗೆ ಹೊಳೆಯುತ್ತಿಲ್ಲವೆಂಬುದನ್ನು ಒಪ್ಪಬೇಕು. ಹಾಗೆಂದು, ಬೀಗದಕೈಯನ್ನು ನಮ್ಮದಾಗಿಸಿಕೊಳ್ಳುವ ಆತುರದಲ್ಲಿ ಈ ತೀರದ ಮೀನುಗಾರನ ಬಾಗಿಲಿಗೆ ಬೀಗ ಹಾಕುವುದನ್ನು ಒಪ್ಪಲಾರೆ. ಹೊರೆಯನ್ನು ಯಾರಾದರೂ ಹೊರಲೇಬೇಕಾದರೆ, ಯಾರ ಹೆಗಲು ಗಟ್ಟಿಯೆಂಬುದನ್ನು ಮೊದಲು ನಿರ್ಧರಿಸಿ ಆಮೇಲೆ ಯಂತ್ರಕ್ಕೆ ಆಜ್ಞೆ ಕೊಡಿ.

ತರುಣಿ: ಆ ನಿರ್ಧಾರ ಆಗುವವರೆಗೆ ಯಂತ್ರವನ್ನು ನಿಲ್ಲಿಸೆಂದರೆ ನಾನು ನಿಲ್ಲಿಸುವುದಿಲ್ಲ, ಮಾವ, ಚಿಕ್ಕದಾಗಿಯಾದರೂ ನಡೆಸುತ್ತಿರುತ್ತೇನೆ. ಆದರೆ ಅದನ್ನು ದೊಡ್ಡದಾಗಿಸುವ ಕಾಗದಕ್ಕೆ ಸಹಿ ಹಾಕುವ ಸಭೆಯಲ್ಲಿ ನಿಮ್ಮ ಪ್ರಶ್ನೆಯನ್ನು ನಾನೇ ಎತ್ತುತ್ತೇನೆ.

ಹಿರಿಯರು: ಎತ್ತು. ಉತ್ತರ ಬಂದರೆ ನನಗೂ ಬರೆದು ತಿಳಿಸು. ಬಾರದಿದ್ದರೆ ಮರುಸಭೆಯಲ್ಲಿ ಮತ್ತೆ ಎತ್ತು.